ಬುಧನ ಲೆಕ್ಕದಲ್ಲಿ ಉಳಿದ 43

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಎರಡು ನಿಮಿಷದ ಒಂದು ವಿಡಿಯೊ ಬಂತು. "ನ್ಯೂಟನ್ ಹೇಳಿದ್ದು ತಪ್ಪು ಅಂತ ನೂರು ವರ್ಷದ ಹಿಂದೆಯೇ ಗೊತ್ತಾಗಿದೆ, ಆದರೂ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದಾರೆ" ಅನ್ನುವುದು ಅದರ ಸಾರ. ಅರ್ಧ ಗಂಟೆಯಲ್ಲಿ ಕೆಳಗಿನ ಮನೆಯ ಹುಡುಗ ಬಂದು ಬಾಗಿಲು ತಟ್ಟಿದ. ಮೊದಲ ಪಿಯುಸಿ ಓದುತ್ತಾನೆ. ಮಾರನೇ ದಿನ ಗುರುತ್ವಾಕರ್ಷಣೆ ಪಾಠದ ಟೆಸ್ಟ್ ಇತ್ತು. "ಅಂಕಲ್, ನಾನು ಓದ್ತಿರೋದೆಲ್ಲ ಸುಳ್ಳಾ?" ಅಂತ ಕೇಳಿದ.

ಸುಳ್ಳಲ್ಲ ಕಣೋ, ಅದಕ್ಕೊಂದು ಎಲ್ಲೆ ಇದೆ ಅಂದೆ. ಆ ಎಲ್ಲೆ ಎಲ್ಲಿದೆ ಅಂತ ತೋರಿಸಿಕೊಟ್ಟಿದ್ದು ಬುಧ ಗ್ರಹ. ಅವನಿಗೆ ಆ ಸಂಜೆ ಟೆರೇಸಿನ ಮೇಲೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಗಣಿತ ಗೊತ್ತಿರಬೇಕಾಗಿಲ್ಲ. ಕೂಡುವುದು, ಕಳೆಯುವುದು ಬಂದರೆ ಸಾಕು.

ಮಾವಿನಕಾಯಿಯೂ ಬೀಳುತ್ತದೆ, ಚಂದ್ರನೂ ಬೀಳುತ್ತಾನೆ

1687ರಲ್ಲಿ ಐಸಾಕ್ ನ್ಯೂಟನ್ ಪ್ರಕಟಿಸಿದ ನಿಯಮ ತುಂಬಾ ಸರಳ. ಯಾವ ಎರಡು ವಸ್ತು ತೆಗೆದುಕೊಂಡರೂ ಅವು ಒಂದನ್ನೊಂದು ಸೆಳೆಯುತ್ತವೆ. ದ್ರವ್ಯ ಜಾಸ್ತಿ ಇದ್ದರೆ ಸೆಳೆತ ಜಾಸ್ತಿ. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ.

ಇದರ ಬಲ ಎಷ್ಟು ಅಂತ ಒಂದು ಲೆಕ್ಕದಲ್ಲಿ ನೋಡಬಹುದು. ಮರದಿಂದ ಕಳಚಿದ ಮಾವಿನಕಾಯಿ ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ನಡುಮಧ್ಯದಿಂದ ಅಳೆದರೆ ಮಾವಿನಕಾಯಿಗಿಂತ ಚಂದ್ರ ಸುಮಾರು 60 ಪಟ್ಟು ದೂರ ಇದ್ದಾನೆ. 60ನ್ನು 60ರಿಂದ ಗುಣಿಸಿದರೆ 3,600. ಹಾಗಾಗಿ 4.9 ಮೀಟರನ್ನು 3,600ರಿಂದ ಭಾಗಿಸಬೇಕು. ಬರುವುದು ಸುಮಾರು 1.4 ಮಿಲಿಮೀಟರ್. ಚಂದ್ರ ನೇರ ಹೋಗುವುದನ್ನು ಬಿಟ್ಟು ಪ್ರತಿ ಸೆಕೆಂಡಿಗೆ ಭೂಮಿಯ ಕಡೆ ಬಾಗುವುದು ಸರಿಯಾಗಿ ಅಷ್ಟೇ. ತೋಟದಲ್ಲಿ ಕಾಯಿ ಬೀಳುವುದಕ್ಕೂ ಆಕಾಶದಲ್ಲಿ ಚಂದ್ರ ಸುತ್ತುವುದಕ್ಕೂ ಒಂದೇ ಕಾನೂನು. ಈ ಲೆಕ್ಕ ಮಾಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ದಾರಿಯೇ ತಿರುಗುವುದು ಅಂದರೆ ಏನು?

ಗ್ರಹಗಳ ದಾರಿ ಪೂರ್ತಿ ದುಂಡಗಿರುವುದಿಲ್ಲ, ಸ್ವಲ್ಪ ಉದ್ದಕ್ಕೆ ಎಳೆದ ಹಾಗಿರುತ್ತದೆ. ಇದನ್ನು 1609ರಲ್ಲೇ ಕೆಪ್ಲರ್ ಹೇಳಿದ್ದರು. ದೀರ್ಘವೃತ್ತ ಅಂತ ನಾವು ಕಲಿತದ್ದು ಇದನ್ನೇ. ಹಲಗೆಗೆ ಎರಡು ಮೊಳೆ ಹೊಡೆದು, ದಾರದ ಕುಣಿಕೆ ಹಾಕಿ, ಪೆನ್ಸಿಲಿನಿಂದ ಅದನ್ನು ಬಿಗಿಯಾಗಿ ಎಳೆಯುತ್ತಾ ಸುತ್ತು ಬಂದರೆ ಆ ಆಕಾರ ಮೂಡುತ್ತದೆ. ಸೂರ್ಯ ಇರುವುದು ನಡುವೆ ಅಲ್ಲ, ಒಂದು ಮೊಳೆಯ ಜಾಗದಲ್ಲಿ. ಹಾಗಾಗಿ ಪ್ರತಿ ಸುತ್ತಿನಲ್ಲೂ ಗ್ರಹ ಒಮ್ಮೆ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, ಒಮ್ಮೆ ಅತಿ ದೂರ ಹೋಗುತ್ತದೆ. ಹತ್ತಿರದ ಆ ಜಾಗಕ್ಕೆ ಭೂಗೋಳದ ಪುಸ್ತಕದಲ್ಲಿ ಪುರರವಿ ಅನ್ನುತ್ತಾರೆ.

ಎಂಟು ಗ್ರಹಗಳಲ್ಲಿ ಬುಧನ ದಾರಿಯೇ ಎಲ್ಲಕ್ಕಿಂತ ಜಾಸ್ತಿ ಎಳೆದದ್ದು. ಹತ್ತಿರ ಬಂದಾಗ ಸೂರ್ಯನಿಂದ 4.6 ಕೋಟಿ ಕಿಲೋಮೀಟರ್, ದೂರ ಹೋದಾಗ ಸುಮಾರು 7 ಕೋಟಿ. ಒಂದು ಸುತ್ತಿಗೆ 88 ದಿನ.

ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ. ಗ್ರಹ ಒಟ್ಟಿಗೇ ಎರಡು ಕೆಲಸ ಮಾಡುತ್ತಿರುತ್ತದೆ. ಒಂದು, ಸೂರ್ಯನನ್ನು ಸುತ್ತುವುದು. ಇನ್ನೊಂದು, ಹತ್ತಿರ ಬಂದು ದೂರ ಹೋಗಿ ಮತ್ತೆ ಹತ್ತಿರ ಬರುವುದು.

ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಹಾಕುವವರನ್ನು ನೆನೆಸಿಕೊಳ್ಳಿ. ನಾಗರಕಲ್ಲಿನ ಎದುರು ನಿಂತು ಶ್ಲೋಕ ಶುರು ಮಾಡುತ್ತಾರೆ, ಹೇಳುತ್ತಾ ನಡೆಯುತ್ತಾರೆ. ಶ್ಲೋಕ ಮುಗಿಯುವುದಕ್ಕೂ ಸುತ್ತು ಮುಗಿಯುವುದಕ್ಕೂ ಸರಿಹೋದರೆ ಪ್ರತಿ ಸಲವೂ ಅದೇ ಕಲ್ಲಿನ ಎದುರಿಗೇ ಬಂದು ನಿಲ್ಲುತ್ತಾರೆ. ಶ್ಲೋಕ ಎರಡು ಅಕ್ಷರ ಉದ್ದವಾದರೆ? ಮುಗಿಯುವಷ್ಟರಲ್ಲಿ ಕಲ್ಲನ್ನು ದಾಟಿ ಅರ್ಧ ಹೆಜ್ಜೆ ಮುಂದೆ ಹೋಗಿರುತ್ತಾರೆ. ಮುಂದಿನ ಸುತ್ತಿಗೆ ಇನ್ನೂ ಅರ್ಧ ಹೆಜ್ಜೆ. ಹೀಗೇ ಹೋಗಿ ಶ್ಲೋಕ ಮುಗಿಯುವ ಜಾಗವೇ ಕಟ್ಟೆಯ ಸುತ್ತ ತಿರುಗಿಬಿಡುತ್ತದೆ.

ಸೂರ್ಯ ಮತ್ತು ಒಂದೇ ಗ್ರಹ ಇದ್ದರೆ, ನ್ಯೂಟನ್ ನಿಯಮದ ಪ್ರಕಾರ ಶ್ಲೋಕವೂ ಸುತ್ತೂ ಕರಾರುವಾಕ್ಕಾಗಿ ಕೂಡುತ್ತವೆ. ಕೋಟಿ ವರ್ಷ ಕಳೆದರೂ ಪುರರವಿ ಇದ್ದಲ್ಲೇ ಇರಬೇಕು. ಆದರೆ ಬುಧನ ಪುರರವಿ ಇದ್ದಲ್ಲಿ ಇಲ್ಲ, ನಿಧಾನಕ್ಕೆ ಮುಂದೆ ಸರಿಯುತ್ತಿದೆ. ಬುಧ ಹೋದ ದಾರಿಯನ್ನೆಲ್ಲ ಲಕ್ಷಾಂತರ ವರ್ಷ ಗೆರೆ ಎಳೆಯುತ್ತಾ ಹೋದರೆ ಎಸಳಿನ ಮೇಲೆ ಎಸಳು ಬಂದು ಹೂವಿನ ರಂಗೋಲಿಯ ಹಾಗೆ ಕಾಣುತ್ತದೆ.

575ರಲ್ಲಿ 532ಕ್ಕೆ ಲೆಕ್ಕ ಸಿಕ್ಕಿತು

ಸರಿಯುವುದು ಎಷ್ಟು? ಅದನ್ನು ಹೇಳಲು ಒಂದು ಸಣ್ಣ ಅಳತೆ ಬೇಕು. ಒಂದು ಸುತ್ತಿಗೆ 360 ಡಿಗ್ರಿ. ಡಿಗ್ರಿಯ 60ನೇ ಒಂದು ಭಾಗ ಕಲೆ. ಕಲೆಯ 60ನೇ ಒಂದು ಭಾಗ ವಿಕಲೆ. ಪಂಚಾಂಗ ನೋಡುವ ಮನೆಯವರಿಗೆ ಈ ಮಾತುಗಳು ಹೊಸದೇನಲ್ಲ. ಹುಣ್ಣಿಮೆ ಚಂದ್ರನ ಅಗಲ ನಮ್ಮ ಕಣ್ಣಿಗೆ ಸುಮಾರು 1,800 ವಿಕಲೆ.

ಬುಧನ ಪುರರವಿ 100 ವರ್ಷಕ್ಕೆ ಸುಮಾರು 575 ವಿಕಲೆ ಸರಿಯುತ್ತದೆ. (ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುವುದರಿಂದ ನಮಗೆ ಕಾಣುವ ದೊಡ್ಡ ಮೊತ್ತವೊಂದಿದೆ. ಅದನ್ನು ಮೊದಲೇ ಕಳೆದಿದ್ದೇನೆ.) ಇದರಲ್ಲಿ ಹೆಚ್ಚಿನದಕ್ಕೆ ನ್ಯೂಟನ್ ನಿಯಮದಲ್ಲೇ ಉತ್ತರ ಇದೆ. ಬುಧ ಒಬ್ಬನೇ ಇಲ್ಲ ಅಲ್ವಾ? ಪ್ರದಕ್ಷಿಣೆ ಹಾಕುವಾಗ ಪಕ್ಕದವರ ಭುಜ ತಾಗಿದ ಹಾಗೆ ಬೇರೆ ಗ್ರಹಗಳು ಅವನನ್ನು ಅಷ್ಟಷ್ಟು ಎಳೆಯುತ್ತವೆ.

ತಿಂಗಳ ಕೊನೆಯಲ್ಲಿ ಮನೆ ಖರ್ಚು ಬರೆಯುವ ಹಾಗೆ ಬರೆದು ನೋಡೋಣ. ಶುಕ್ರನ ಹೆಸರಿಗೆ 278. ಗುರು ದೂರ ಇದ್ದರೂ ಗಾತ್ರದಲ್ಲಿ ದೊಡ್ಡವನು, ಅವನಿಗೆ 154. ಭೂಮಿಗೆ 90. ಮಂಗಳ, ಶನಿ ಮತ್ತು ಉಳಿದವರಿಗೆಲ್ಲ ಸೇರಿ ಸುಮಾರು 10. ಕೂಡಿದರೆ 532. ಇದ್ದದ್ದು 575. ಉಳಿದ 43 ಎಲ್ಲಿ ಹೋಯಿತು?

43 ವಿಕಲೆ ಅಂದರೆ ತೀರಾ ಸಣ್ಣದು, ಅದೂ ನೂರು ವರ್ಷಕ್ಕೆ. ಬುಧನ ಒಂದೊಂದು ಸುತ್ತಿಗೆ ಹಂಚಿದರೆ ವಿಕಲೆಯ ಹತ್ತನೇ ಒಂದು ಭಾಗ. ವಿಧಾನಸೌಧದ ಮೇಲೆ ನಿಂತು ನಂದಿಬೆಟ್ಟದಲ್ಲಿ ಯಾರೋ ಹಿಡಿದಿರುವ ಒಂದು ರೂಪಾಯಿ ನಾಣ್ಯವನ್ನು ನೋಡಿದರೆ ಅದರ ಅಗಲ ಎಷ್ಟು ಕಾಣಬಹುದೋ ಹೆಚ್ಚು ಕಡಿಮೆ ಅಷ್ಟು.

ಇಷ್ಟು ಸಣ್ಣದನ್ನು ಹಿಡಿದದ್ದಾದರೂ ಹೇಗೆ? ಕೆಲವು ವರ್ಷಕ್ಕೊಮ್ಮೆ ಬುಧ ಸೂರ್ಯನ ಬಿಂಬದ ಎದುರಿಗೇ ಕಪ್ಪು ಚುಕ್ಕೆಯಾಗಿ ಹಾದುಹೋಗುತ್ತಾನೆ. ಅದೇ ಬುಧ ಸಂಕ್ರಮಣ. ಬಿಂಬದ ಅಂಚು ಮುಟ್ಟಿದ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಟ್ಟರೆ ಬುಧ ಆವತ್ತು ಎಲ್ಲಿದ್ದ ಅಂತ ಚೆನ್ನಾಗಿ ಗೊತ್ತಾಗುತ್ತದೆ. 1651ರಲ್ಲೇ ಜೆರೆಮಿಯಾ ಶೇಕರ್ಲಿ ಎಂಬ ಇಂಗ್ಲಿಷ್ ಯುವಕ ಇಂಥದ್ದೊಂದನ್ನು ನೋಡಿದ್ದು ನಮ್ಮ ಸೂರತ್‌ನಿಂದ. ಫ್ರಾನ್ಸಿನ ಉರ್ಬೆನ್ ಲ ವೆರ್ಯೇ 1697ರಿಂದ 1848ರವರೆಗಿನ ಸಂಕ್ರಮಣಗಳ ದಾಖಲೆ ಹಿಡಿದು ಕೂತರು. 1859ರಲ್ಲಿ, ಶತಮಾನಕ್ಕೆ 38 ವಿಕಲೆ ಲೆಕ್ಕಕ್ಕೆ ಸಿಗುತ್ತಿಲ್ಲ ಅಂತ ಹೇಳಿದರು. 1882ರಲ್ಲಿ ಅಮೆರಿಕದ ಸೈಮನ್ ನ್ಯೂಕಂಬ್ ಅದನ್ನು 43ಕ್ಕೆ ತಿದ್ದಿದರು.

ನೆಪ್ಚೂನ್ ಸಿಕ್ಕಿತು, ವಲ್ಕನ್ ಸಿಗಲಿಲ್ಲ

ಲ ವೆರ್ಯೇಗೆ ಇಂಥ ಲೆಕ್ಕ ಹೊಸದಾಗಿರಲಿಲ್ಲ. ಬುಧನಿಗೆ ಕೈ ಹಾಕುವ ಮುಂಚೆ ಅವರು ಯುರೇನಸ್ ಗ್ರಹದ ತೊಡಕನ್ನು ಬಿಡಿಸಿದ್ದರು. 1781ರಲ್ಲಿ ಕಂಡ ಯುರೇನಸ್ ಲೆಕ್ಕ ಹಾಕಿದ ದಾರಿಯಲ್ಲಿ ಹೋಗುತ್ತಿರಲಿಲ್ಲ. ನಿಯಮ ತಪ್ಪಿರಬಹುದಾ, ಇಲ್ಲಾ ಕಾಣದ ಯಾರೋ ಎಳೆಯುತ್ತಿರಬಹುದಾ? ಎಳೆಯುತ್ತಿದ್ದಾರೆ ಅಂತ ಇಟ್ಟುಕೊಂಡು, ಆ ಯಾರೋ ಎಲ್ಲಿರಬೇಕು ಅಂತ ಲ ವೆರ್ಯೇ ಕಾಗದದ ಮೇಲೆ ಲೆಕ್ಕ ಹಾಕಿದರು. ಬರ್ಲಿನ್ನಿನ ವೀಕ್ಷಣಾಲಯಕ್ಕೆ ಪತ್ರ ಬರೆದರು. 1846ರ ಸೆಪ್ಟೆಂಬರ್ 23ಕ್ಕೆ ಪತ್ರ ತಲುಪಿತು. ಅದೇ ರಾತ್ರಿ ಯೊಹಾನ್ ಗಾಲೆ ದೂರದರ್ಶಕ ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಹೊಸ ಗ್ರಹ ಇತ್ತು. ಅದೇ ನೆಪ್ಚೂನ್.

ಇಷ್ಟು ದೊಡ್ಡ ಗೆಲುವು ಕಂಡವರು ಬುಧನ ವಿಷಯದಲ್ಲೂ ಅದೇ ಕೀಲಿಕೈ ಹಾಕಿ ನೋಡುವುದು ಸಹಜ. ಸೂರ್ಯನಿಗೂ ಬುಧನಿಗೂ ನಡುವೆ ಇನ್ನೊಂದು ಗ್ರಹ ಇರಬೇಕು ಅಂದರು. ಅದಕ್ಕೆ ವಲ್ಕನ್ ಅಂತ ಹೆಸರೂ ಬಂತು. ಫ್ರಾನ್ಸಿನ ಹಳ್ಳಿಯೊಂದರ ವೈದ್ಯ ಲೆಸ್ಕಾರ್ಬೊ, 1859ರ ಮಾರ್ಚ್ 26ರಂದು ಸೂರ್ಯನ ಮೇಲೆ ಕಪ್ಪು ಚುಕ್ಕೆಯೊಂದು ಹಾದುಹೋಗುವುದನ್ನು ಕಂಡೆ ಅಂತ ಕಾಗದ ಬರೆದರು. ಲ ವೆರ್ಯೇ ಆ ಹಳ್ಳಿಗೇ ಹೋಗಿ ವಿಚಾರಿಸಿ, ನಂಬಿ ಬಂದರು. 1878ರ ಪೂರ್ಣ ಸೂರ್ಯಗ್ರಹಣದಲ್ಲಿ ಅಮೆರಿಕದ ಇಬ್ಬರು ತಾವೂ ಕಂಡೆವು ಅಂದರು. ಆಮೇಲೆ ಗ್ರಹಣದ ಮೇಲೆ ಗ್ರಹಣ ಬಂತು. ಫೋಟೊ ತೆಗೆದರು, ಹುಡುಕಿದರು. ವಲ್ಕನ್ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಲ ವೆರ್ಯೇ ತೀರಿಕೊಂಡಿದ್ದರು, 1877ರ ಸೆಪ್ಟೆಂಬರ್ 23ರಂದು. ನೆಪ್ಚೂನ್ ಕಂಡು ಅವತ್ತಿಗೆ ಸರಿಯಾಗಿ 31 ವರ್ಷ.

ಬೇರೆ ದಾರಿಗಳನ್ನೂ ನೋಡಿದರು. ಸೂರ್ಯನ ಸುತ್ತ ಇರುವ ದೂಳು ಎಳೆಯುತ್ತಿರಬಹುದು ಅಂದರು. 1894ರಲ್ಲಿ ಆಸಫ್ ಹಾಲ್ ನಿಯಮವನ್ನೇ ಒಂಚೂರು ತಿದ್ದಿದರು. ದೂರದ ವರ್ಗ ಅಂದರೆ ಘಾತ 2 ಅಲ್ವಾ, ಅದನ್ನು 2.00000016 ಮಾಡಿದರೆ ಬುಧನ ಲೆಕ್ಕ ಕೂಡುತ್ತದೆ ಅಂದರು. ಬುಧನದು ಕೂಡಿತು, ಚಂದ್ರನದು ಕೆಟ್ಟಿತು. ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುವ ಬಟ್ಟೆಯ ಹಾಗೆ.

ನ್ಯೂಟನ್ ಸುಮ್ನೆ ಒಪ್ಪಿಕೊಂಡಿದ್ದ ಸಂಗತಿಗಳು

ತೊಡಕು ಇದ್ದದ್ದು ಆಕಾಶದಲ್ಲಿ ಅಲ್ಲ, ನಿಯಮದ ಬುಡದಲ್ಲಿ. ಸೂರ್ಯ ಇಷ್ಟು ದೂರದಿಂದ, ನಡುವೆ ಏನೂ ಇಲ್ಲದೆ, ಗ್ರಹವನ್ನು ಹೇಗೆ ಎಳೆಯುತ್ತಾನೆ? ಸೆಳೆತಕ್ಕೆ ಕಾರಣ ಏನು ಅಂತ ತಾನು ಊಹೆ ಕಟ್ಟುವುದಿಲ್ಲ ಅಂತ ನ್ಯೂಟನ್ನರೇ ಬರೆದಿದ್ದರು. ಎಷ್ಟು ಅಂತ ಅವರ ನಿಯಮ ಹೇಳುತ್ತದೆ. ಹೇಗೆ ಅಂತ ಹೇಳುವುದಿಲ್ಲ.

ಇನ್ನೊಂದು ಇದೆ. ಅವರ ನಿಯಮದಲ್ಲಿ ಸೆಳೆತ ತಲುಪಲು ಸಮಯವೇ ಬೇಡ. ಸೂರ್ಯ ಈಗ ಮಾಯವಾದರೆ ಭೂಮಿ ಈ ಕ್ಷಣವೇ ದಾರಿ ಬಿಟ್ಟು ಹೊರಡಬೇಕು. ಆದರೆ ಸೂರ್ಯನ ಬೆಳಕು ಇಲ್ಲಿಗೆ ಬರಲು 8 ನಿಮಿಷ 20 ಸೆಕೆಂಡ್ ಬೇಕು. 1905ರಲ್ಲಿ ಐನ್‌ಸ್ಟೈನ್, ಬೆಳಕಿಗಿಂತ ಬೇಗ ಯಾವ ಸುದ್ದಿಯೂ ಹೋಗಲಾರದು ಅಂತ ತೋರಿಸಿದರು. ಹಾಗಿದ್ದರೆ ಸೆಳೆತ ಮಾತ್ರ ಹೇಗೆ ತಕ್ಷಣ ಹೋಗುತ್ತದೆ? ಜೊತೆಗೆ, ಕಾಲ ಎಲ್ಲೆಲ್ಲೂ ಒಂದೇ ವೇಗದಲ್ಲಿ ಓಡುತ್ತದೆ ಅಂತಲೂ ನ್ಯೂಟನ್ ಇಟ್ಟುಕೊಂಡಿದ್ದರು. ಅದೂ ನಿಲ್ಲಲಿಲ್ಲ.

ಬೆಂಗಳೂರಿನ ವಿಮಾನ ಉತ್ತರ ಧ್ರುವದ ಮೇಲೆ ಬಂದದ್ದು ಯಾಕೆ?

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದು ಇಳಿದದ್ದು ನಿಮಗೆ ನೆನಪಿರಬಹುದು. ಗೋಡೆಯ ಭೂಪಟದಲ್ಲಿ ನೋಡಿದರೆ ಯಾಕಪ್ಪಾ ಇಷ್ಟು ಸುತ್ತು ಅನ್ನಿಸುತ್ತದೆ. ಗ್ಲೋಬ್ ತೆಗೆದುಕೊಂಡು ಎರಡು ಊರಿನ ನಡುವೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿ ಉತ್ತರಕ್ಕೆ ಹೋಗುತ್ತದೆ. ವಿಮಾನವನ್ನು ಯಾರೂ ಪಕ್ಕಕ್ಕೆ ಎಳೆದಿಲ್ಲ. ಅದು ಹೋದದ್ದು ಹತ್ತಿರದ ನೇರ ದಾರಿಯಲ್ಲೇ. ಬಾಗಿದ್ದು ನೆಲ.

ಐನ್‌ಸ್ಟೈನ್ ಗುರುತ್ವದ ಬಗ್ಗೆ ಹೇಳಿದ್ದು ಇದೇ ಜಾತಿಯ ಮಾತು. ಸೂರ್ಯನಂಥ ಭಾರದ ವಸ್ತು ತನ್ನ ಸುತ್ತಲಿನ ಜಾಗವನ್ನೂ ಕಾಲವನ್ನೂ ಬಾಗಿಸುತ್ತದೆ. ಜಾಗ, ಕಾಲ ಎರಡೂ ಸೇರಿದ್ದಕ್ಕೆ ದೇಶಕಾಲ ಅನ್ನುತ್ತಾರೆ. ಗ್ರಹ ಆ ಬಾಗಿದ ದೇಶಕಾಲದಲ್ಲಿ ತನಗೆ ನೇರ ಅನ್ನಿಸಿದ ದಾರಿಯಲ್ಲಿ ಹೋಗುತ್ತದೆ. ನಮಗೆ ಅದು ಸುತ್ತುವುದಾಗಿ ಕಾಣುತ್ತದೆ. ಕಾಲ ಬಾಗುವುದು ಬರೀ ಮಾತಲ್ಲ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಎರಡು ಅತಿ ನಿಖರ ಗಡಿಯಾರಗಳಲ್ಲಿ ಒಂದನ್ನು ಸುಮಾರು 33 ಸೆಂಟಿಮೀಟರ್ ಎತ್ತರಿಸಿ ನೋಡಿದರು. ಮೇಲಿನದು ಬೇಗ ಓಡಿತು. ಎರಡು ಮೆಟ್ಟಿಲಿನಷ್ಟು ಎತ್ತರಕ್ಕೇ ವ್ಯತ್ಯಾಸ.

ಸೂರ್ಯನಿಂದ ದೂರ ಇರುವಾಗ ಹೊಸ ಲೆಕ್ಕವೂ ನ್ಯೂಟನ್ ಲೆಕ್ಕವೂ ಹೆಚ್ಚು ಕಡಿಮೆ ಒಂದೇ ಉತ್ತರ ಕೊಡುತ್ತವೆ. ಹತ್ತಿರ ಬಂದಂತೆ ಸೆಳೆತ ನ್ಯೂಟನ್ ಹೇಳಿದ್ದಕ್ಕಿಂತ ಒಂದು ಚೂರು ಜಾಸ್ತಿ ಆಗುತ್ತದೆ. ಆಗ ಶ್ಲೋಕ ಎರಡಕ್ಷರ ಉದ್ದವಾಗುತ್ತದೆ. ಬುಧ ಮತ್ತೆ ಸೂರ್ಯನ ಹತ್ತಿರ ಬರುವಷ್ಟರಲ್ಲಿ ಒಂದು ಸುತ್ತನ್ನು ದಾಟಿ ಚೂರು ಮುಂದೆ ಹೋಗಿರುತ್ತಾನೆ.

ಎಷ್ಟು ಮುಂದೆ? 1913ರಲ್ಲಿ ಗೆಳೆಯ ಮಿಶೆಲ್ ಬೆಸ್ಸೊ ಜೊತೆ ಕೂತು ಐನ್‌ಸ್ಟೈನ್ ಲೆಕ್ಕ ಹಾಕಿದಾಗ ಶತಮಾನಕ್ಕೆ 18 ವಿಕಲೆ ಬಂದಿತ್ತು. ಸಿದ್ಧಾಂತ ಇನ್ನೂ ಪಕ್ವವಾಗಿರಲಿಲ್ಲ. ಎರಡು ವರ್ಷ ತಿದ್ದಿದರು. 1915ರ ನವೆಂಬರ್ 18ರಂದು ಬರ್ಲಿನ್ನಿನ ಅಕಾಡೆಮಿಯ ಮುಂದೆ ಹೊಸ ಲೆಕ್ಕ ಇಟ್ಟರು. ಬಂದ ಉತ್ತರ 43. ಎಲ್ಲೂ ಏನೂ ಹೊಂದಿಸಿಕೊಂಡಿರಲಿಲ್ಲ. ಸೂರ್ಯನ ದ್ರವ್ಯರಾಶಿ, ಬೆಳಕಿನ ವೇಗ, ಬುಧನ ದಾರಿಯ ಅಳತೆ, ಇಷ್ಟನ್ನೇ ಹಾಕಿದ್ದರು. ಉತ್ತರ ಕಂಡಾಗ ತನ್ನ ಎದೆ ಡವಡವ ಹೊಡೆದುಕೊಂಡಿತು ಅಂತ ಆಮೇಲೆ ಸ್ನೇಹಿತರಿಗೆ ಹೇಳಿಕೊಂಡರಂತೆ.

ಬೇರೆ ಗ್ರಹಗಳಿಗೆ ಇದು ಇಲ್ಲವೇ?

ಇದೆ. ಶುಕ್ರನಿಗೆ ಶತಮಾನಕ್ಕೆ 8.6 ವಿಕಲೆ, ಭೂಮಿಗೆ 3.8. ದೂರ ಹೋದಷ್ಟೂ ಕಡಿಮೆ. ಅದರ ಮೇಲೆ ಶುಕ್ರ ಮತ್ತು ಭೂಮಿಯ ದಾರಿ ಹೆಚ್ಚು ಕಡಿಮೆ ದುಂಡಗಿದೆ. ದುಂಡು ದಾರಿಯಲ್ಲಿ ಅತಿ ಹತ್ತಿರದ ಜಾಗ ಯಾವುದು ಅಂತ ಗುರುತಿಸುವುದೇ ಕಷ್ಟ. ಬುಧ ಸೂರ್ಯನಿಗೆ ಹತ್ತಿರವೂ ಇದ್ದಾನೆ, ದಾರಿಯೂ ಚೆನ್ನಾಗಿ ಎಳೆದಿದೆ.

ಸೌರಮಂಡಲದ ಹೊರಗೆ ಹೋದರೆ ನೋಟವೇ ಬೇರೆ. 1974ರಲ್ಲಿ ಹಲ್ಸ್ ಮತ್ತು ಟೇಲರ್ ಕಂಡ ಜೋಡಿ ನಕ್ಷತ್ರದಲ್ಲಿ ದಾರಿ ವರ್ಷಕ್ಕೆ 4.2 ಡಿಗ್ರಿ ತಿರುಗುತ್ತದೆ. ಬುಧ ಅಷ್ಟು ತಿರುಗಬೇಕಾದರೆ, ಈ 43ರ ಲೆಕ್ಕದಲ್ಲಿ, ಸುಮಾರು 35,000 ವರ್ಷ ಬೇಕು. ಇನ್ನು ಬೆಳಕೂ ತಪ್ಪಿಸಿಕೊಳ್ಳಲಾರದಷ್ಟು ಸೆಳೆತ ಇರುವ ಕಪ್ಪುಕುಳಿಯ ಹತ್ತಿರ ನ್ಯೂಟನ್ ನಿಯಮ ಕೈಚೆಲ್ಲುತ್ತದೆ. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯ ಹಾಗೆ ಮೊಳಗಿ ತಣ್ಣಗಾಗುತ್ತದೆ ಅಂತ 1970ರಲ್ಲೇ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದ ಮೊದಲ ನಿರ್ದೇಶಕರೂ ಅವರೇ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಇದನ್ನೊಂದು ಹೇಳಿ.

ಹಾಗಾದರೆ ನ್ಯೂಟನ್ ಪಾಠ ಬಿಡಬಹುದಾ?

ಇದು ಹುಡುಗನ ಆಸೆ. ಆಗುವುದಿಲ್ಲ. ಮಂಗಳಯಾನ 2013ರ ನವೆಂಬರ್ 5ಕ್ಕೆ ಹೊರಟು 2014ರ ಸೆಪ್ಟೆಂಬರ್ 24ಕ್ಕೆ ಮಂಗಳನನ್ನು ಸೇರಿತು. ಪೀಣ್ಯದ ಕೇಂದ್ರದಲ್ಲಿ ಕೂತು, ಬ್ಯಾಲಾಳಿನ 32 ಮೀಟರ್ ಆಂಟೆನಾದಿಂದ ಅದರ ಜೊತೆ ಮಾತಾಡಿದರು. ಇಂಥ ಪಯಣದ ದಾರಿಗೆ ತಳಹದಿ ಇವತ್ತಿಗೂ ನ್ಯೂಟನ್ ನಿಯಮವೇ. ಐನ್‌ಸ್ಟೈನ್ ಸೇರಿಸುವುದು ಅದರ ಮೇಲಿನ ಸಣ್ಣ ತಿದ್ದುಪಡಿ.

ಆದರೆ ಆ ಸಣ್ಣ ತಿದ್ದುಪಡಿ ಬಿಟ್ಟರೆ ನಡೆಯದ ಜಾಗ ನಮ್ಮ ಜೇಬಿನಲ್ಲೇ ಇದೆ. ಆಟೋ ಬುಕ್ ಮಾಡಿದಾಗ ಫೋನಿಗೆ ನಾವು ಎಲ್ಲಿದ್ದೇವೆ ಅಂತ ಹೇಳುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಎತ್ತರದಲ್ಲಿ ಸೆಳೆತ ಕಡಿಮೆ, ಹಾಗಾಗಿ ಅವುಗಳ ಗಡಿಯಾರ ದಿನಕ್ಕೆ 45 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ಒಂದು ಮೈಕ್ರೊಸೆಕೆಂಡ್) ಮುಂದೆ ಓಡುತ್ತದೆ. ವೇಗವಾಗಿ ಹೋಗುತ್ತಿರುವುದರಿಂದ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಉಳಿಯುವುದು 38. ಇದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ದಿನಕ್ಕೆ 10 ಕಿಲೋಮೀಟರಿಗೂ ಜಾಸ್ತಿ ತಪ್ಪು ಸೇರುತ್ತಾ ಹೋಗುತ್ತದೆ. ಮಲ್ಲೇಶ್ವರದಲ್ಲಿ ನಿಂತವರನ್ನು ಆಟೋದವರು ಜಯನಗರದಲ್ಲಿ ಹುಡುಕಬೇಕಾದೀತು.

43 ಇಲ್ಲದಿದ್ದರೆ ಏನಾಗುತ್ತಿತ್ತು?

ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಗುರುಗ್ರಹದ ದಾರಿಯೂ ನಿಧಾನಕ್ಕೆ ತಿರುಗುತ್ತಿದೆ. ಬುಧನ ದಾರಿ ತಿರುಗುವ ವೇಗ ಗುರುವಿನದಕ್ಕೆ ಹೊಂದಿಬಿಟ್ಟರೆ ಅಪಾಯ. ಉಯ್ಯಾಲೆಯನ್ನು ಸರಿಯಾದ ತಾಳಕ್ಕೆ ತಳ್ಳುತ್ತಾ ಹೋದರೆ ಸಣ್ಣ ತಳ್ಳುವಿಕೆಗೇ ಅದು ಎತ್ತರಕ್ಕೆ ಏರುತ್ತದಲ್ಲ, ಹಾಗೆ ಗುರು ಎಳೆದೆಳೆದು ಬುಧನ ದಾರಿ ಮತ್ತಷ್ಟು ಉದ್ದವಾಗುತ್ತದೆ. ಕೊನೆಗೆ ಬುಧ ಶುಕ್ರನಿಗೆ ಡಿಕ್ಕಿ ಹೊಡೆಯಬಹುದು, ಇಲ್ಲವೇ ಸೂರ್ಯನಿಗೆ ಬೀಳಬಹುದು. ಆ 43 ವಿಕಲೆ ಎರಡೂ ವೇಗಗಳನ್ನು ಒಂದಿಷ್ಟು ದೂರ ಇಡುತ್ತದೆ.

2009ರಲ್ಲಿ ಪ್ಯಾರಿಸ್‌ನ ಜಾಕ್ ಲಸ್ಕಾರ್ ಮತ್ತು ಮಿಕಾಯೆಲ್ ಗ್ಯಾಸ್ಟಿನೊ ಮುಂದಿನ 500 ಕೋಟಿ ವರ್ಷವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಓಡಿಸಿ ನೋಡಿದರು. ಐನ್‌ಸ್ಟೈನ್ ತಿದ್ದುಪಡಿ ಸೇರಿಸಿದಾಗ ಬುಧನ ದಾರಿ ಕೈತಪ್ಪಿದ್ದು ಸುಮಾರು ಶೇ 1ರಷ್ಟು ಸಲ. ಬರೀ ನ್ಯೂಟನ್ ನಿಯಮ ಇಟ್ಟಾಗ ಅರ್ಧಕ್ಕಿಂತ ಜಾಸ್ತಿ ಸಲ ಕೈತಪ್ಪಿತು.

ಬುಧನನ್ನು ನಾವು ನೋಡಬಹುದಾ?

ಬರಿಗಣ್ಣಿಗೇ ಕಾಣುತ್ತಾನೆ. ಆದರೆ ಯಾವಾಗಲೂ ಸೂರ್ಯನ ಪಕ್ಕದಲ್ಲೇ ಇರುವುದರಿಂದ ಬೆಳಗಿನ ಜಾವ ಪೂರ್ವದಲ್ಲಿ, ಇಲ್ಲಾ ಮುಸ್ಸಂಜೆ ಪಶ್ಚಿಮದಲ್ಲಿ, ಅದೂ ತೀರಾ ಕೆಳಗೆ ಸ್ವಲ್ಪ ಹೊತ್ತು ಮಾತ್ರ. ಬೆಂಗಳೂರಿನಲ್ಲಿ ಆ ಜಾಗವನ್ನೆಲ್ಲ ಕಟ್ಟಡಗಳೇ ನುಂಗಿವೆ. ನಮ್ಮ ಟೆರೇಸಿನಿಂದ ಎರಡು ನೀರಿನ ಟ್ಯಾಂಕುಗಳ ಸಂದಿಯಲ್ಲಿ ಒಮ್ಮೆ ಕಂಡಿದ್ದೆ.

ಸಂಕ್ರಮಣ 2016ರ ಮೇ 9ರ ಸಂಜೆ ಇಲ್ಲಿಂದ ಕಂಡಿತ್ತು. ಮತ್ತೆ ನಮಗೆ ಕಾಣುವುದು 2032ರ ನವೆಂಬರ್ 13ರ ಶನಿವಾರ. ಮಧ್ಯಾಹ್ನ 12 ದಾಟಿದ ಮೇಲೆ ಶುರುವಾಗಿ ಸಂಜೆ ನಾಲ್ಕೂವರೆ ಸುಮಾರಿಗೆ ಮುಗಿಯುತ್ತದೆ. ಸೂರ್ಯನ ಬಿಂಬದ ಅಗಲಕ್ಕೆ ಹೋಲಿಸಿದರೆ ಬುಧ ಅದರ 190ನೇ ಒಂದು ಭಾಗ. ಹಾಗಾಗಿ ದೂರದರ್ಶಕ ಬೇಕು, ಅದರ ಮುಂದಿನ ಗಾಜಿಗೆ ಸರಿಯಾದ ಸೌರ ಫಿಲ್ಟರ್ ಬೇಕೇ ಬೇಕು. ಫಿಲ್ಟರ್ ಇಲ್ಲದೆ ಯಾರೂ ಕಣ್ಣಿಡಬಾರದು. ನವೆಂಬರ್ ಆದ್ದರಿಂದ ಮೋಡದ ಭಯವೂ ಇದೆ.

ಹುಡುಗ ಆ ತಾರೀಖನ್ನು ಭೌತಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡ. ಅದರ ಕೆಳಗೆ 575, 532, 43 ಅಂತ ಮೂರು ಸಂಖ್ಯೆ ಬರೆದು, ಮಾರನೇ ದಿನದ ಟೆಸ್ಟಿಗೆ ನ್ಯೂಟನ್ ನಿಯಮ ಓದಿಕೊಳ್ಳಲು ಕೆಳಗೆ ಇಳಿದು ಹೋದ.